ವಾರ್ಡ್ ಇನ್‌ಚಾರ್ಜ್ ಆಗಿದ್ದಾಗ ಸುಳ್ಳು ಹೇಳಿದ್ದೆ. ಈಗ ಆ ಹುಡುಗಿಗೆ ಏನು ಹೇಳಲಿ?

ರಾತ್ರಿಪಾಳಿ:

ನರ್ಸಿಂಗ್‌ಗೆ ಬಂದು 19 ವರ್ಷ ಆಯಿತು. ಕೋವಿಡ್ ಸಮಯದಲ್ಲಿ ಐಸಿಯು ಇನ್‌ಚಾರ್ಜ್ ಆಗಿದ್ದೆ. 2020ರಲ್ಲಿ ಒಂದು ಬೆಳಿಗ್ಗೆ ಮೇಲಿನವರು ಕರೆದರು. ಎನ್‌95 ಮಾಸ್ಕ್ ಮುಗಿಯುತ್ತಾ ಬಂದಿದೆ, ಒಂದನ್ನೇ ವಾರಗಟ್ಟಲೆ ಹಾಕಿಸಿ, ಆದರೆ ಸ್ಟಾಕ್ ಇಲ್ಲ ಅಂತ ಮಾತ್ರ ಯಾರಿಗೂ ಹೇಳಬೇಡಿ, ಹೆದರಿಕೊಳ್ಳುತ್ತಾರೆ ಅಂದರು. ನಾನು ಪಾಳಿ ಬದಲಾಗುವ ಹ್ಯಾಂಡೋವರ್ ಹೊತ್ತಿಗೆ ಎಲ್ಲರ ಮುಂದೆ ನಿಂತು "ಇದು ಹೊಸ ನಿಯಮ, ಏನೂ ತೊಂದರೆ ಇಲ್ಲ, ಎಲ್ಲ ಪರೀಕ್ಷೆ ಮಾಡಿಯೇ ಹೇಳಿದ್ದಾರೆ" ಅಂದೆ. ಯಾರೂ ಏನೂ ಪರೀಕ್ಷೆ ಮಾಡಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಮೂರು ವಾರದಲ್ಲಿ ನಮ್ಮ ಇಬ್ಬರು ಸ್ಟಾಫ್‌ಗೆ ಪಾಸಿಟಿವ್ ಬಂತು. ಒಬ್ಬಳಿಂದ ಅವಳ ತಾಯಿಗೂ ತಗುಲಿತು, ತುಂಬಾ ದಿನ ಆಕ್ಸಿಜನ್‌ನಲ್ಲಿದ್ದು ಉಳಿದುಕೊಂಡರು. ಮಾಸ್ಕ್‌ನಿಂದಲೇ ಬಂತು ಅಂತ ಯಾರೂ ಹೇಳಲಾರರು. ಆ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ಮತ್ತೆ ಡ್ಯೂಟಿಗೆ ಬಂದ ದಿನ ಒಂದು ಸಲ ನನ್ನ ಮುಖ ನೋಡಿದಳು, ಅಷ್ಟೇ. ಮರುವರ್ಷ ಕೆಲಸ ಬಿಟ್ಟಳು.

ಐಸಿಯುನಲ್ಲಿ ಎಷ್ಟೋ ಸಾವು ನೋಡಿದ್ದೇನೆ, ಅವು ಹೀಗೆ ಕಾಡಿಲ್ಲ. ಈ ಒಂದು ಮಾತು ಕಾಡುತ್ತಿದೆ. ಮಾಸ್ಕ್ ಇಲ್ಲದಿದ್ದದ್ದು ನನ್ನ ಕೈಯಲ್ಲಿ ಇರಲಿಲ್ಲ, ಆದರೆ ಮಾತು ನನ್ನದೇ ಅಲ್ವಾ? ಆಗ ಕೆಳಗೆ ಕೆಲಸ ಮಾಡಿದವರು ಹೇಳಿ, ನಿಮಗೆ ಇನ್‌ಚಾರ್ಜ್‌ನಿಂದ ಏನು ಬೇಕಾಗಿತ್ತು? ಇಷ್ಟು ವರ್ಷ ಆದಮೇಲೆ ಅವಳಿಗೆ ಫೋನ್ ಮಾಡಿ ನಿಜ ಹೇಳಬೇಕಾ?

ಏಳನೇ ಬೆಡ್:

ಸಿಸ್ಟರ್, ನಾನು ಕೆಳಗೆ ಇದ್ದವಳು. ನಿಮ್ಮ ತಪ್ಪೇ ಇಲ್ಲ ಅಂತ ಸುಮ್ನೆ ಸಮಾಧಾನ ಹೇಳುವುದಿಲ್ಲ.

ಒಂದೇ ಆಸ್ಪತ್ರೆಯಲ್ಲಿ ನನಗೆ ಎರಡು ಕೋವಿಡ್ ವಾರ್ಡ್‌ಗಳಲ್ಲಿ ಡ್ಯೂಟಿ ಬಿತ್ತು. ಮೊದಲನೆಯದರಲ್ಲಿ ಇನ್‌ಚಾರ್ಜ್ ಒಳಗೆ ಕಾಲಿಡುತ್ತಿರಲಿಲ್ಲ, ಎಲ್ಲ ವಾಟ್ಸಾಪ್‌ನಲ್ಲೇ. ಮನೆಯವರು ಫೋನ್ ಮಾಡಿದರೆ "ಸ್ಟೇಬಲ್" ಅನ್ನಬೇಕು, ಬೇರೆ ಏನೂ ಹೇಳಬಾರದು ಅಂತ ಆರ್ಡರ್. ಒಂದು ರಾತ್ರಿ ಒಬ್ಬ ಮಗಳು ಫೋನ್ ಮಾಡಿ "ಅಪ್ಪ ನನ್ನ ಕೇಳಿದ್ರಾ" ಅಂದಳು. ಅವರು ಹೋಗಿ 40 ನಿಮಿಷ ಆಗಿತ್ತು. ಡಾಕ್ಟರ್ ಬಂದು ಪೇಪರ್‌ಗೆ ಸಹಿ ಹಾಕುವವರೆಗೆ ಹೇಳುವ ಹಾಗಿರಲಿಲ್ಲ. ನಾನು ಸ್ಟೇಬಲ್ ಅಂದೆ. ಅವಳು "ಥ್ಯಾಂಕ್ಸ್ ಸಿಸ್ಟರ್" ಅಂದಳು. ಆ ಥ್ಯಾಂಕ್ಸ್ ಇನ್ನೂ ಕಿವಿಯಲ್ಲಿದೆ.

ಎರಡನೇ ವಾರ್ಡ್‌ನಲ್ಲಿ ಇನ್‌ಚಾರ್ಜ್ ರಾತ್ರಿ ಎರಡು ಗಂಟೆಗೂ ಕಿಟ್ ಹಾಕಿಕೊಂಡು ಒಳಗೆ ಬರುತ್ತಿದ್ದರು. ಒಂದು ದಿನ ಎಲ್ಲರನ್ನೂ ನಿಲ್ಲಿಸಿ ಹೇಳಿದರು: "ಎಂಟು ಜನ ಇದ್ದೀರಿ, ಐದು ಮಾಸ್ಕ್ ಇದೆ. ಮುಂದಿನದು ಯಾವಾಗ ಬರುತ್ತೋ ಗೊತ್ತಿಲ್ಲ. ಮೂರು ಜನ ಹೊರಗಿನ ಕೆಲಸ ನೋಡಿಕೊಳ್ಳಿ. ಮೊದಲು ನಾನು ಒಳಗೆ ಹೋಗುತ್ತೇನೆ." ಅಲ್ಲೂ ಅಷ್ಟೇ ಜನ ತೀರಿಕೊಂಡರು, ಅಲ್ಲೂ ನಾವು ಅತ್ತಿದ್ದೇವೆ. ಆದರೆ ಆ ವಾರ್ಡ್ ನೆನೆದರೆ ದುಃಖ ಆಗುತ್ತದೆ, ಮೊದಲನೆಯದನ್ನು ನೆನೆದರೆ ನಾಚಿಕೆ ಆಗುತ್ತದೆ. ನಮಗೆ ಬೇಕಾಗಿದ್ದು ನಿಜ. ಎಷ್ಟೇ ಕೆಟ್ಟದಾಗಿದ್ದರೂ ಸರಿ, ನಿಜ.

ಫೋನ್ ಮಾಡಿ ಸಿಸ್ಟರ್.

ಕಿವಿಗೊಡುವವ:

ಆಸ್ಪತ್ರೆ ಸಿಬ್ಬಂದಿಗೆ ಕೌನ್ಸೆಲಿಂಗ್ ಮಾಡುತ್ತೇನೆ. ನೀವಿಬ್ಬರೂ ಬರೆದದ್ದಕ್ಕೆ ಒಂದು ಹೆಸರಿದೆ, ಮಾರಲ್ ಇಂಜುರಿ. ಮನಸ್ಸಾಕ್ಷಿಗೆ ಬಿದ್ದ ಪೆಟ್ಟು ಅನ್ನಬಹುದು. ಇದು ಮೊದಲು ಆಸ್ಪತ್ರೆಯಿಂದ ಬಂದ ಮಾತಲ್ಲ. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಜೊನಾಥನ್ ಶೇ ಎಂಬ ಮನೋವೈದ್ಯರು 1990ರ ದಶಕದಲ್ಲಿ ಇದರ ಬಗ್ಗೆ ಬರೆದರು. ಅವರು ಕಂಡಿದ್ದು ಏನೆಂದರೆ, ಸೈನಿಕರನ್ನು ಒಡೆದದ್ದು ಶತ್ರುವಿನ ಗುಂಡು ಮಾತ್ರ ಅಲ್ಲ, ಪ್ರಾಣವೇ ಪಣಕ್ಕಿದ್ದ ಹೊತ್ತಿನಲ್ಲಿ ತಮ್ಮದೇ ಅಧಿಕಾರಿ ಸರಿಯಾದದ್ದಕ್ಕೆ ದ್ರೋಹ ಮಾಡಿದ್ದು. ನಾಯಕತ್ವ ಈ ಗಾಯದ ಒಳಗೇ ಇದೆ ನೋಡಿ. 2009ರಲ್ಲಿ ಬ್ರೆಟ್ ಲಿಟ್ಜ್ ಮತ್ತು ಜೊತೆಗಾರರು ಅದನ್ನು ವಿಸ್ತರಿಸಿದರು: ನಾವೇ ತಪ್ಪು ಮಾಡಿದ್ದು, ತಡೆಯಲಾಗದೆ ಹೋದದ್ದು, ಕಣ್ಣೆದುರು ನೋಡಿದ್ದು, ಎಲ್ಲವೂ ಸೇರುತ್ತದೆ.

ರಾತ್ರಿಪಾಳಿ ಅವರೇ, ನೀವು ಎರಡೂ ಕಡೆ ಇದ್ದೀರಿ. ಮೇಲಿನವರು ನಿಮಗೆ ಮಾಡಿದ್ದನ್ನೇ ನೀವು ಕೆಳಗಿನವರಿಗೆ ದಾಟಿಸಿದಿರಿ. ಮಧ್ಯದಲ್ಲಿ ಇರುವವರಿಗೆ ಇದು ಜಾಸ್ತಿ ಭಾರ. ನನ್ನ ಹತ್ತಿರ ಬಂದವರಲ್ಲಿ ಇನ್‌ಚಾರ್ಜ್‌ಗಳು ಬಾಯಿ ಬಿಡುವುದೇ ಎಲ್ಲರಿಗಿಂತ ಕೊನೆಗೆ.

ಇನ್ನೊಂದು ಮಾತು. ಇದನ್ನು ಬರ್ನ್‌ಔಟ್ ಜೊತೆ ಬೆರೆಸಬೇಡಿ. ಸುಸ್ತಾದವರಿಗೆ ರಜೆ, ಕಡಿಮೆ ಪಾಳಿ ಕೊಟ್ಟರೆ ಸ್ವಲ್ಪ ಚೇತರಿಸಿಕೊಳ್ಳುತ್ತಾರೆ. ನಾಚಿಕೆಗೆ ರಜೆ ಮದ್ದಲ್ಲ. ಕೋವಿಡ್ ಸಮಯದಲ್ಲಿ ಎಷ್ಟೋ ಆಡಳಿತದವರು ಧ್ಯಾನದ ಆ್ಯಪ್ ಕಳಿಸಿದರು, ಚಪ್ಪಾಳೆ ತಟ್ಟಿದರು. ಸಿಬ್ಬಂದಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಯಾಕೆಂದರೆ ಅವರು ಕೇಳಿದ್ದು ಸಮಾಧಾನ ಅಲ್ಲ, "ಹೌದು, ನಿಮಗೆ ಅನ್ಯಾಯ ಆಯಿತು" ಎಂಬ ಒಂದು ಮಾತು.

ಹಳೇ ಸ್ಟೆತ್:

ಸ್ವಲ್ಪ ಬೇರೆ ಅಭಿಪ್ರಾಯ ನನ್ನದು. ಎಲ್ಲವನ್ನೂ ಇನ್‌ಚಾರ್ಜ್ ಸಿಸ್ಟರ್ ತಲೆಗೆ ಕಟ್ಟಬೇಡಿ. ಸ್ಟಾಕ್ ಇಲ್ಲ ಅಂತ ಬಾಯಿ ಬಿಟ್ಟಿದ್ದರೆ ಅವರನ್ನೇ ತೆಗೆದುಹಾಕುತ್ತಿದ್ದರೋ ಏನೋ. ಆರ್ಡರ್ ಕೊಟ್ಟವರು ಇವತ್ತು ಇಂಥ ಪ್ರಶ್ನೆ ಕೇಳಿಕೊಳ್ಳುತ್ತಿದ್ದಾರಾ?

ನಾನು ವೆಂಟಿಲೇಟರ್ ಡ್ಯೂಟಿಯಲ್ಲಿದ್ದ ಡಾಕ್ಟರ್. ಒಂದು ಮೆಷಿನ್, ಇಬ್ಬರು ರೋಗಿಗಳು. ಮುಖ್ಯಸ್ಥರಿಗೆ ಫೋನ್ ಮಾಡಿದರೆ "ಪರಿಸ್ಥಿತಿ ನೋಡಿ ನೀವೇ ಮಾಡಿ" ಅಂದರು. ಬರವಣಿಗೆಯಲ್ಲಿ ಏನೂ ಇಲ್ಲ. ನಾನೇ ಆರಿಸಿದೆ, ನಾನೇ ಹೊರಗೆ ಬಂದು ಇನ್ನೊಬ್ಬರ ಹೆಂಡತಿಗೆ ಹೇಳಿದೆ. ಇಟಲಿಯಲ್ಲಿ 2020ರ ಮಾರ್ಚ್‌ನಲ್ಲೇ ಅರಿವಳಿಕೆ ಮತ್ತು ಐಸಿಯು ತಜ್ಞರ ಸಂಘ, ಎಲ್ಲರಿಗೂ ಸಾಲದಿದ್ದಾಗ ಐಸಿಯು ಚಿಕಿತ್ಸೆ ಯಾರಿಗೆ ಎಂಬ ಬಗ್ಗೆ ಸಲಹೆಗಳನ್ನು ಪ್ರಕಟಿಸಿತು. ಅವುಗಳ ಬಗ್ಗೆ ದೊಡ್ಡ ಜಗಳವೇ ಆಯಿತು, ಸರಿ. ಆದರೆ ನಿರ್ಧಾರದ ಭಾರ ಹಾಸಿಗೆ ಪಕ್ಕ ನಿಂತ ಒಬ್ಬ ಡಾಕ್ಟರ್ ಮೇಲೇ ಬೀಳದಿರಲಿ ಅನ್ನುವುದೂ ಅದರ ಒಂದು ಉದ್ದೇಶವಾಗಿತ್ತು. ರೋಗಿಯನ್ನು ನೋಡಿಕೊಳ್ಳುವವರು ಬೇರೆ, ಯಾರಿಗೆ ಮೆಷಿನ್ ಎಂದು ತೀರ್ಮಾನಿಸುವ ತಂಡ ಬೇರೆ ಇರಲಿ ಅಂತ ಆಗಲೇ ಹಲವರು ಹೇಳುತ್ತಿದ್ದರು. ನಮ್ಮಲ್ಲಿ ಮೂರು ಜನರನ್ನು ಕೂರಿಸಿ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರೆ ಸಾಕಿತ್ತು. ಆ ರೋಗಿ ಆಗಲೂ ಉಳಿಯುತ್ತಿರಲಿಲ್ಲವೇನೋ. ನಾನು ಒಬ್ಬನೇ ಆಗಿರುತ್ತಿರಲಿಲ್ಲ.

ಏಳನೇ ಬೆಡ್:

ಡಾಕ್ಟ್ರೇ, ಒಪ್ಪುತ್ತೇನೆ, ಮೇಲಿನವರದ್ದೇ ದೊಡ್ಡ ತಪ್ಪು. ಆದರೆ ನನಗೆ ಮೇಲಿನವರ ಮುಖವೇ ಗೊತ್ತಿಲ್ಲ. ನನಗೆ ಆಸ್ಪತ್ರೆ ಅಂದರೆ ಇನ್‌ಚಾರ್ಜ್. ಅವರು ಸುಳ್ಳು ಹೇಳಿದರೆ ಆಸ್ಪತ್ರೆಯೇ ನನಗೆ ಸುಳ್ಳು ಹೇಳಿದ ಹಾಗೆ.

ಕಿವಿಗೊಡುವವ:

ಫೋನ್ ಮಾಡುವುದಾದರೆ ಒಂದು ಸೂಚನೆ. ಕ್ಷಮಿಸು ಅಂತ ಕೇಳಬೇಡಿ, ಆಗ ಅವಳೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಏನು ಗೊತ್ತಿತ್ತು, ಏನು ಹೇಳಿದೆ, ಅಷ್ಟು ಹೇಳಿ. "ಆದರೆ ನನಗೂ ಒತ್ತಡ ಇತ್ತು" ಅನ್ನುವುದನ್ನು ಅವಳು ಕೇಳಿದರೆ ಮಾತ್ರ ಹೇಳಿ. ಅವಳು ಫೋನ್ ಇಟ್ಟರೆ ಇಡಲಿ, ಅದು ಅವಳ ಹಕ್ಕು. ಮತ್ತೆ ಮತ್ತೆ ಮಾಡಬೇಡಿ. ಆ ದಿನ ನಿಮ್ಮ ಜೊತೆ ಮನೆಯಲ್ಲಿ ಯಾರಾದರೂ ಇರಲಿ.

ರಾತ್ರಿಪಾಳಿ:

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಏಳನೇ ಬೆಡ್, ನಿನ್ನ ಮಾತು ಚುಚ್ಚಿತು, ಆದರೆ ಬೇಕಾಗಿತ್ತಮ್ಮ.

ಒಂದು ವಿಷಯ ಈಗ ಹೊಳೆಯಿತು. ಇಷ್ಟು ದಿನ ಆ ಒಬ್ಬಳನ್ನೇ ಯೋಚಿಸುತ್ತಿದ್ದೆ. ಅವತ್ತು ಹ್ಯಾಂಡೋವರ್‌ನಲ್ಲಿ ನನ್ನ ಮಾತು ಕೇಳಿದವರು 14 ಜನ. ಆ ತಿಂಗಳ ಡ್ಯೂಟಿ ಲಿಸ್ಟ್ ಇನ್ನೂ ನನ್ನ ಬೀರುವಿನಲ್ಲಿದೆ. ಮೊದಲ ಫೋನ್ ಅವಳಿಗೆ, ಭಾನುವಾರ. ಆಮೇಲೆ ಉಳಿದ 13 ಜನಕ್ಕೆ.