ತಮ್ಮನ ಸೀಸೆಗಳ ವಿಚಾರವಾಗಿ

ಸುಮಾ, ನಿನ್ನ ಅಪ್ಪ ಮುಪ್ಪು ಹಿಂದಕ್ಕೆ ಹೋಗುತ್ತದೆಂದು ಪೆಪ್ಟೈಡ್ ಎಂಬ, ಪ್ರೋಟೀನಿನ ಸಣ್ಣ ತುಣುಕಿನಂಥ ಮದ್ದಿನ ಸೀಸೆಗಳನ್ನು ತರಿಸಿ ಫ್ರಿಜ್ಜಿನಲ್ಲಿಟ್ಟಿದ್ದಾನೆ, ಚುಚ್ಚಿಕೊಂಡರೆ ಅಪಾಯವೇ ಎಂದು ನೀನು ಕೇಳಿದ್ದನ್ನು ಬೆಳಿಗ್ಗೆ ನೋಡಿದೆ. ಬರೆಯಲು ನನಗೆ ಕಣ್ಣು ಸಾಲದು, ಮಾತಿನಲ್ಲೇ ಹೇಳುತ್ತೇನೆ.

ಅವನು ಹೇಳುವುದೆಲ್ಲ ಸುಳ್ಳಲ್ಲ. ವಯಸ್ಸಾದಂತೆ ಮೈಯಲ್ಲಿ ಹೆಚ್ಚುವ, ವಿಭಜನೆ ನಿಂತರೂ ಸಾಯದೆ ಉಳಿಯುವ ಜೀವಕೋಶಗಳು ಸುತ್ತಲಿನ ಅಂಗಾಂಶಕ್ಕೆ ಉರಿಯೂತ ಹಬ್ಬಿಸುತ್ತವೆ. 2017ರಲ್ಲಿ ರೋಟರ್‌ಡ್ಯಾಮಿನ ವಿಜ್ಞಾನಿಗಳು ಅಂಥ ಕೋಶಗಳು ತಾವಾಗಿ ಸಾಯುವಂತೆ ಮಾಡುವ ಫಾಕ್ಸೋ4-ಡಿಆರ್‌ಐ ಎಂಬ ಪೆಪ್ಟೈಡನ್ನು ಇಲಿಗಳಿಗೆ ಕೊಟ್ಟಾಗ, ಅವುಗಳ ಮೂತ್ರಪಿಂಡ ಚೇತರಿಸಿಕೊಂಡದ್ದು ನಿಜ. ಆದರೆ ಅದು ಇಲಿಗಳಲ್ಲಿ. ಮನುಷ್ಯರಿಗೆ ಕೊಡಲು ಒಪ್ಪಿಗೆ ಪಡೆದ ಔಷಧ ಅದಲ್ಲ. ಗಾಯ ಮಾಯಲು ಅದೇ ಬಗೆಯ ಕೋಶಗಳು ನೆರವಾಗುತ್ತವೆ ಎಂಬುದನ್ನೂ ಇಲಿಗಳಲ್ಲೇ ಕಂಡಿದ್ದಾರೆ. ನಿನ್ನ ಅಪ್ಪನ ಕಾಲಿನ ಸಕ್ಕರೆ ಗಾಯ ಇನ್ನೂ ಒಣಗಿಲ್ಲವಲ್ಲ?

ನನ್ನ ಪುಡಿಯ ಕಥೆ ನಿಮಗೆಲ್ಲ ಗೊತ್ತು, ಆದರೂ ಕೇಳಿ. ಸಾಗರದ ಮಾರಿಜಾತ್ರೆಯಲ್ಲಿ ಒಬ್ಬ ಮಂಡಿನೋವಿಗೆಂದು ಬೇರಿನ ಪುಡಿ ಮಾರುತ್ತಿದ್ದ. ಅಷ್ಟು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದ ನಾನೇ ಕೊಂಡೆ. ನಾಲ್ಕನೇ ದಿನಕ್ಕೆ ನೋವು ಮಾಯವಾಯಿತು, ತೋಟದ ಏರು ಹತ್ತಿ ಇಳಿದೆ. ಎರಡು ತಿಂಗಳಲ್ಲಿ ಮುಖ ಕಡುಬಿನಂತೆ ಊದಿತು, ಇಲ್ಲದ ಸಕ್ಕರೆ ಕಾಣಿಸಿಕೊಂಡಿತು. ಪುಡಿ ಮುಗಿದ ವಾರದಲ್ಲೇ ಕೊಟ್ಟಿಗೆಯ ಬಾಗಿಲಲ್ಲಿ ಕುಸಿದು ಬಿದ್ದೆ. ಶಿವಮೊಗ್ಗದ ಆಸ್ಪತ್ರೆಯಲ್ಲಿ, ಅದರಲ್ಲಿ ಸ್ಟೆರಾಯ್ಡ್ ಬೆರೆಸಿದ್ದರು, ಥಟ್ಟನೆ ನಿಂತದ್ದರಿಂದ ರಕ್ತದೊತ್ತಡ ಇಳಿದುಹೋಗಿದೆ ಎಂದರು. ಒಳಗೇನಿದೆಯೆಂದು ತಿಳಿಯದ ಮದ್ದನ್ನು ಮೈಗೆ ಸೇರಿಸಬಾರದು.

ಅಡಿಕೆಯ ಕೊಳೆರೋಗಕ್ಕೆಂದು ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ನಾವು ಹಾಗೆಯೇ ಗೊನೆಗೆ ಹೊಡೆಯುತ್ತೇವೆಯೇ? ಕತ್ತಿಯ ಅಲಗನ್ನು ಅದ್ದಿ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುತ್ತೇವೆ. ಅಡಿಕೆಗೆ ಅಷ್ಟು ಪರೀಕ್ಷೆ ಮಾಡುವವನು, ‘ಸಂಶೋಧನೆಗೆ ಮಾತ್ರ’ ಎಂಬ ಚೀಟಿ ಅಂಟಿಸಿದ ಸೀಸೆಯನ್ನು ಯಾವ ಕತ್ತಿ ಅದ್ದಿ ನೋಡಿದ? ಮತ್ತೊಮ್ಮೆ ಹೇಳುತ್ತೇನೆ, ಒಳಗೇನಿದೆಯೆಂದು ತಿಳಿಯದ ಮದ್ದು ಮೈಗೆ ಬೇಡ.

ನಾನು ಆಸ್ಪತ್ರೆಯಲ್ಲಿದ್ದಾಗ ಅವನು ಬಂದದ್ದು ಮೂರನೆಯ ದಿನ. ಬಂದವನು ಮಂಚದ ಪಕ್ಕ ನಿಂತು, ‘ಓದಿದವಳು ಜಾತ್ರೆಯ ಪುಡಿ ತಿಂದೆಯಲ್ಲ ಅಕ್ಕ’ ಎಂದು ನಕ್ಕ. ಈಗ ಅವನದೂ ಜಾತ್ರೆಯ ಪುಡಿಯೇ, ದೂರದಿಂದ ಬಂದದ್ದು ಅಷ್ಟೆ. ಗೌರಿಹಬ್ಬಕ್ಕೆ ಬಾಗಿನ ಹಿಡಿದು ಬರುತ್ತಿದ್ದ ತಮ್ಮ ಐದು ವರ್ಷದಿಂದ ಫೋನಿನಲ್ಲೇ ಹಣ ಹಾಕಿ ಮುಗಿಸುತ್ತಾನೆ. ತೀರ್ಥಹಳ್ಳಿಯಿಂದ ಇಲ್ಲಿಯವರೆಗೆ ಬರಲು ಸೊಂಟ ನೋವಂತೆ. ಆ ಸೊಂಟಕ್ಕಾಗಿಯೇ ಈ ಸೀಸೆ ಎಂದರೆ ನಾನೇನು ಹೇಳಲಿ?

ಅಯ್ಯೋ, ಮುಖ್ಯ ವಿಷಯವೇ ಉಳಿಯಿತು. ಸೀಸೆಗಳನ್ನು ಎಸೆಯಬೇಡ, ಬಿಲ್ಲಿನೊಂದಿಗೆ ಅವನ ಸಕ್ಕರೆ ನೋಡುವ ವೈದ್ಯರಿಗೆ ತೋರಿಸು. ಈಗಾಗಲೇ ಚುಚ್ಚಿಕೊಂಡಿದ್ದರೆ ಯಾವ ದಿನ, ಎಷ್ಟು ಎಂದು ಬೈಯದೆ ಕೇಳಿ ಬರೆದುಕೊ, ಬೈದರೆ ಮುಚ್ಚಿಡುತ್ತಾನೆ. ಜ್ವರ ಬಂದರೆ, ಚುಚ್ಚಿದ ಜಾಗ ಊದಿದರೆ, ಉಸಿರು ಕಟ್ಟಿದರೆ ಸಂಜೆಯವರೆಗೆ ಕಾಯಬೇಡ. ಮುಪ್ಪೇ ಹೋಗುತ್ತದೆಂದು ಸಕ್ಕರೆ ಮಾತ್ರೆ ಬಿಟ್ಟಿರಲೂ ಸಾಕು ಅವನು; ಇವತ್ತಿನದು ನುಂಗಿದನೇ ಎಂದು ಈಗಲೇ ನೋಡು.