ಪುರಾತತ್ವ ಪ್ರಶ್ನೋತ್ತರ: ಮುರಕಲ್ಲಿನ ಗುಹೆ, ಸಂಘದ ಸದಸ್ಯತ್ವ

ಕುಂಬಳೆಯ ಸದಸ್ಯರು: ನಮಸ್ಕಾರ ಸರ್. ಇಂಡಿಯನ್ ಆರ್ಕಿಯಲಾಜಿಕಲ್ ಸೊಸೈಟಿಯ ಸದಸ್ಯತ್ವ ಪಡೆದರೆ ನಮ್ಮೂರಿನ ಗುಡ್ಡದಲ್ಲಿ ಉತ್ಖನನ ನಡೆಸಬಹುದೇ?

ಪುರಾತತ್ವಜ್ಞರು: ಇಲ್ಲ. 1967ರಲ್ಲಿ ಸ್ಥಾಪನೆಯಾದ ಆ ಸಂಘವು ಸಮ್ಮೇಳನ ನಡೆಸುತ್ತದೆ, ಸಂಶೋಧನ ಪತ್ರಿಕೆ ಹೊರತರುತ್ತದೆ. ಅಗೆಯುವುದಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪರವಾನಗಿ ಬೇಕು.

ಬದಿಯಡ್ಕದ ಸದಸ್ಯರು: ಮನೆಯ ಅಡಿಪಾಯಕ್ಕಾಗಿ ಜೆಸಿಬಿ ಅಗೆಯುವಾಗ ಮುರಕಲ್ಲಿನಲ್ಲಿ ದುಂಡನೆಯ ಬಾಯಿ ತೆರೆದುಕೊಂಡಿದೆ. ಒಳಗೆ ಗಡಿಗೆಗಳೂ ತುಕ್ಕು ಹಿಡಿದ ಕಬ್ಬಿಣವೂ ಕಾಣುತ್ತಿವೆ. ಎರಡು ಗಡಿಗೆಗಳನ್ನು ಮೇಲಕ್ಕೆ ತೆಗೆದಿದ್ದೇವೆ. ಮುಂದೇನು ಮಾಡಬೇಕು?

ಪುರಾತತ್ವಜ್ಞರು: ಕೆಲಸವನ್ನು ಈಗಲೇ ನಿಲ್ಲಿಸಿ. ನೀವು ಕಳುಹಿಸಿದ ಚಿತ್ರದಲ್ಲಿ ಕಾಣುವುದು ಕಬ್ಬಿಣಯುಗದ ಬೃಹತ್‌ಶಿಲಾ ಸಂಸ್ಕೃತಿಯ, ಅಂದರೆ ಸಮಾಧಿಗೆ ದೊಡ್ಡ ಕಲ್ಲುಗಳನ್ನು ಬಳಸುತ್ತಿದ್ದವರ, ಗುಹಾಸಮಾಧಿಯಿರಬೇಕು. ಕೇರಳದ ನಮ್ಮ ಇದೇ ಕಾಸರಗೋಡು ಜಿಲ್ಲೆಯ ಉಮಿಚಿಪೊಯಿಲ್‌ನಂತಹ ಕಡೆಗಳಲ್ಲಿ ಮುರಕಲ್ಲಿನಲ್ಲಿ ಇಂಥವು ದೊರೆತಿವೆ. ಯಾರೂ ಒಳಗಿಳಿಯಬಾರದು: ಯಂತ್ರದ ಕಂಪನಕ್ಕೆ ಸಡಿಲಗೊಂಡ ಚಾವಣಿ ಕುಸಿಯಬಹುದು, ಒಳಗಿನ ಗಾಳಿಯೂ ಉಸಿರಾಟಕ್ಕೆ ಯೋಗ್ಯವಿಲ್ಲದಿರಬಹುದು. ತೆಗೆದ ಗಡಿಗೆಗಳನ್ನು ತೊಳೆಯಬೇಡಿ, ಒಳಗಿನ ಮಣ್ಣನ್ನು ಚೆಲ್ಲಬೇಡಿ. ಎಲುಬಿನ ಚೂರು, ಇದ್ದಿಲು, ಧಾನ್ಯದ ಕಾಳು ಆ ಮಣ್ಣಿನಲ್ಲೇ ಇರಬಹುದು ಮತ್ತು ಕಾಲನಿರ್ಣಯಕ್ಕೆ ಅವು ಬಹಳ ಮುಖ್ಯ. ಯಾವ ಗಡಿಗೆ ಯಾವ ಮೂಲೆಯಲ್ಲಿ, ಯಾವುದರ ಪಕ್ಕದಲ್ಲಿತ್ತೆಂಬುದನ್ನು ತೆಗೆದವರು ಮರೆಯುವ ಮೊದಲು ಬರೆದಿಡಿ. ಬಾಯಿಗೆ ಹಲಗೆ ಮುಚ್ಚಿ, ವಿಲೇಜ್ ಆಫೀಸಿಗೂ ರಾಜ್ಯ ಪುರಾತತ್ವ ಇಲಾಖೆಗೂ ಇಂದೇ ಲಿಖಿತವಾಗಿ ತಿಳಿಸಿ.

ಮಂಜೇಶ್ವರದ ಸದಸ್ಯರು: ನನಗೆ ಬಂದ ಸಂದೇಶವನ್ನು ಇಲ್ಲಿಗೆ ಕಳುಹಿಸುತ್ತಿದ್ದೇನೆ: ಹಳೆಯ ನಾಣ್ಯವನ್ನು ಹುಣಸೆಹುಳಿಯಿಂದ ತಿಕ್ಕಬೇಕು, ಶಾಸನದ ಅಕ್ಷರಕ್ಕೆ ಸುಣ್ಣ ತುಂಬಬೇಕು.

ಪುರಾತತ್ವಜ್ಞರು: ಎರಡನ್ನೂ ಮಾಡಬೇಡಿ. ಹುಳಿ ನಾಣ್ಯದ ಮೇಲ್ಮೈಯನ್ನೂ ಅಚ್ಚನ್ನೂ ತಿನ್ನುತ್ತದೆ. ತಪ್ಪಾಗಿ ತುಂಬಿದ ಸುಣ್ಣ ಇಲ್ಲದ ಅಕ್ಷರವನ್ನು ಹುಟ್ಟಿಸುತ್ತದೆ. ಶಾಸನವನ್ನು ಓದಲು ಒದ್ದೆ ಕಾಗದದ ಪಡಿಯಚ್ಚನ್ನು ತರಬೇತಾದವರು ತೆಗೆಯಲಿ. ಇಂಥ ಸಂದೇಶಗಳನ್ನು ಇನ್ನು ಇಲ್ಲಿಗೆ ಕಳುಹಿಸಬೇಡಿ.

ಪೆರ್ಲದ ಸದಸ್ಯರು: ಬದಿಯಡ್ಕದಲ್ಲಿ ಸಿಕ್ಕಿದ್ದು ಪಾಂಡವರ ಗುಹೆ. ಗಡಿಗೆಗಳನ್ನು ನಮ್ಮ ಕನ್ನಡ ಸಂಘದ ಗ್ರಂಥಾಲಯದಲ್ಲಿ ಇಡೋಣ; ಇಲಾಖೆಗೆ ಕೊಟ್ಟರೆ ತಿರುವನಂತಪುರಕ್ಕೆ ಹೋಗುತ್ತವೆ.

ನೀಲೇಶ್ವರದ ಸದಸ್ಯರು: ಸಂಘದ ಕಪಾಟಿನಲ್ಲಿಟ್ಟು ಸಂಶೋಧಕರಿಂದ ದೂರ ಮಾಡುವುದು ಯಾವ ಭಾಷಾಪ್ರೇಮ?

ಪೆರ್ಲದ ಸದಸ್ಯರು: ಗಡಿನಾಡಿನ ಕನ್ನಡಿಗರ ನೋವು ನಿಮಗೆ ಅರ್ಥವಾಗುವುದಿಲ್ಲ.

ನೀಲೇಶ್ವರದ ಸದಸ್ಯರು: ನಾನೂ ಗಡಿನಾಡಿನವನೇ. ಪಾಠ ಬೇಡ.

ಬೇಕಲದ ಸದಸ್ಯರು: ಕೋಟೆಯಿಂದ ನೂರು ಮೀಟರಿನೊಳಗಿರುವ ಹಳೆಯ ಮನೆಯ ದುರಸ್ತಿಗೆ ಅನುಮತಿ ಬೇಕೇ?

ಉಪ್ಪಳದ ಸದಸ್ಯರು: ಸದಸ್ಯತ್ವದ ಗುರುತಿನ ಚೀಟಿ ತೋರಿಸಿ ಅಗೆಯಬಹುದೇ?

ಪುರಾತತ್ವಜ್ಞರು: ಉಪ್ಪಳದವರೇ, ಮೇಲೆ ಉತ್ತರಿಸಿದ್ದೇನೆ.

ಪೆರ್ಲದವರೇ, ಪಾಂಡವರ ಹೆಸರು ಊರಿನ ನಂಬಿಕೆ. ಅದನ್ನೂ ದಾಖಲಿಸಿ, ಆದರೆ ಕಾಲವನ್ನು ಅದರಿಂದ ನಿರ್ಧರಿಸಬೇಡಿ. ನಿಮ್ಮ ಕನ್ನಡ ಸಂಘಕ್ಕೆ ನಿಜವಾದ ಕಾಳಜಿಯಿದ್ದರೆ ಇಲಾಖೆಯವರು ಬರುವವರೆಗೆ ಆ ಬಾಯಿಯನ್ನು ಕಾಯಲು ಇಬ್ಬರನ್ನು ನಿಲ್ಲಿಸಲಿ. ಬದಿಯಡ್ಕದವರು ಪತ್ರ ಕೊಟ್ಟರೋ ಇಲ್ಲವೋ ಎಂಬುದನ್ನು ಮೊದಲು ತಿಳಿಸಲಿ.