ಬಣ್ಣದ ಮೇಲಿನ ಸೂಕ್ಷ್ಮ ಗೀರು ಕಾಣಲು ಗ್ಯಾರೇಜಿಗೆ ಎಂಥ ದೀಪ ಬೇಕು?

ಪ್ರಶ್ನೆ: ನನ್ನ ಕಪ್ಪು ಕಾರಿನ ಬಾನೆಟ್ ಮೇಲೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳು ಗ್ಯಾರೇಜಿನ ಟ್ಯೂಬ್‌ಲೈಟಿನಡಿ ಕಾಣುವುದೇ ಇಲ್ಲ. ಪಾಲಿಶ್ ಮಾಡುವ ಮೊದಲು ಯಾವ ದೀಪ ಹಾಕಿಸಬೇಕೆಂದು ದಯವಿಟ್ಟು ತಿಳಿಸಿರಿ.

ಉತ್ತರ 1: ಟ್ಯೂಬ್‌ಲೈಟಿನ ಬೆಳಕು ಅಗಲವಾಗಿ ಹರಡುವುದರಿಂದ ಸಣ್ಣ ಗೀರುಗಳನ್ನು ಮರೆಮಾಡುತ್ತದೆ, ಸೂರ್ಯನಂತೆ ಒಂದೇ ಬಿಂದುವಿನಿಂದ ಹೊಮ್ಮುವ ಬೆಳಕು ಗೀರಿನ ಅಂಚುಗಳಲ್ಲಿ ಮಿನುಗಿ ಅವುಗಳನ್ನು ಎತ್ತಿ ತೋರಿಸುತ್ತದೆ. ಆದ್ದರಿಂದ ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆಂಬ ಅಳತೆ) 95 ಅಥವಾ ಹೆಚ್ಚಿರುವ, ಸುಮಾರು 5000 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) ಎಲ್‌ಇಡಿ ಟಾರ್ಚೊಂದನ್ನು ಕೊಂಡು, ಪರೀಕ್ಷಿಸುವಾಗ ಚಾವಣಿಯ ದೀಪಗಳನ್ನು ತಪ್ಪದೆ ಆರಿಸಿರಿ.

ಉತ್ತರ 2: ಆದರೂ ಟ್ಯೂಬ್‌ಲೈಟನ್ನು ತೆಗೆಸಬೇಡಿ. ಅದರ ನೇರ ಪ್ರತಿಬಿಂಬ ಬಾಗಿ ಕಂಡ ಕಡೆ ತಗಡು ತಗ್ಗಾಗಿರುವುದು ತಿಳಿಯುತ್ತದೆ.

ಉತ್ತರ 3: ಪಾಲಿಶ್‌ನ ಎಣ್ಣೆ ಗೀರುಗಳನ್ನು ತುಂಬಿಕೊಂಡು ಕಣ್ಣನ್ನು ವಂಚಿಸುತ್ತದೆ, ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ ನಂತರವೇ ಟಾರ್ಚ್ ಹಿಡಿದು ನೋಡಿರಿ.